ಚಿಟಿಕೆ ಬೆಳ್ಳಿಗೆ ಪ್ಲಾಸ್ಟಿಕ್ ತಂತಿಯಾಗುತ್ತಾ? ಇಲ್ಲಿದೆ ಸತ್ಯಾಂಶ

‘ಯಾವ ಪ್ಲಾಸ್ಟಿಕ್‌ಗಾದರೂ ಚಿಟಿಕೆ ಬೆಳ್ಳಿ ನ್ಯಾನೊಪುಡಿ ಬೆರೆಸಿ, ತಾಮ್ರದ ತಂತಿಯಂತೆ ಕರೆಂಟ್ ಹರಿಯುತ್ತದೆ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದು ತಪ್ಪು.

ಲೋಹಗಳಲ್ಲಿ ಬೆಳ್ಳಿಯೇ ಅತ್ಯುತ್ತಮ ವಾಹಕ, ಅದು ನಿಜ. ಆದರೆ ಸಾಮಾನ್ಯ ಪ್ಲಾಸ್ಟಿಕ್ ಕರೆಂಟನ್ನು ತಡೆಯುತ್ತದೆ. ಹೊಳೆ ದಾಟಲು ಇಟ್ಟ ಕಲ್ಲುಗಳಂತೆ, ಬೆಳ್ಳಿಯ ಕಣಗಳು ಒಂದಕ್ಕೊಂದು ಹತ್ತಿರವಿದ್ದು ಈ ತುದಿಯಿಂದ ಆ ತುದಿಗೆ ಸಾಲಾಗಬೇಕು. ಅಷ್ಟು ಪ್ರಮಾಣ ಸೇರುವ ತನಕ ಹೆಚ್ಚೇನೂ ಆಗುವುದಿಲ್ಲ. ಆ ಮಿತಿ ದಾಟಿದ ಕೂಡಲೇ ವಾಹಕತೆ ಸಾವಿರಾರು ಪಟ್ಟು ಜಿಗಿಯುತ್ತದೆ. ಉಂಡೆಯಾಕಾರದ ಕಣಗಳಿಗೆ ಈ ಮಿತಿ ಜಾಸ್ತಿ. ಗಾತ್ರದಲ್ಲಿ ಶೇ 15 ಬೆಳ್ಳಿ ಬೇಕೆಂದರೆ ತೂಕದಲ್ಲಿ ಅದು ಸುಮಾರು ಶೇ 65! ಬೆಳ್ಳಿ ಅಷ್ಟು ಭಾರ, ಅಲ್ವಾ? ಉದ್ದನೆಯ ನ್ಯಾನೊತಂತಿಗಳಾದರೆ ತುಂಬಾ ಕಡಿಮೆ ಸಾಕು.

ಇನ್ನೊಂದು ತೊಡಕನ್ನು ಸಂದೇಶ ಹೇಳುವುದೇ ಇಲ್ಲ. ಕಣಗಳು ಗಂಟು ಕಟ್ಟದಿರಲಿ ಎಂದು ತಯಾರಿಸುವಾಗಲೇ ಪಿವಿಪಿ ಎಂಬ ಪ್ಲಾಸ್ಟಿಕ್ ಜಾತಿಯ ವಸ್ತುವಿನಂಥದ್ದರ ತೆಳು ಪದರ ಹಚ್ಚುತ್ತಾರೆ. ಆ ಪದರವೂ ಕರೆಂಟಿಗೆ ಅಡ್ಡ. ಹಾಗಾಗಿ ಸುಮ್ನೆ ಕಲಸಿದರೆ ಸಾಲದು, ಸಾಮಾನ್ಯವಾಗಿ ಬಿಸಿ ಮಾಡಿ ಕಣಗಳನ್ನು ಬೆಸೆಯಬೇಕಾಗುತ್ತದೆ.

ಪಾಲಿಅನಿಲಿನ್‌ನಂಥ ಪಾಲಿಮರ್ (ಪ್ಲಾಸ್ಟಿಕ್‌ನಂತೆ ಉದ್ದ ಸರಪಳಿಯ ಅಣುಗಳ ವಸ್ತು) ಮಾತ್ರ ಬೇರೆ. ಆಮ್ಲ ಸೇರಿಸಿದರೆ ಅದು ತಾನೇ ವಾಹಕ. ಅಲ್ಲಿ ಸ್ವಲ್ಪ ಬೆಳ್ಳಿಯೂ ನೆರವಾಗಬಹುದು. ಆದರೂ ಅದು ತಾಮ್ರದ ಹತ್ತಿರಕ್ಕೂ ಬರುವುದಿಲ್ಲ.