ಒಕ್ಕೂಟದ ಟ್ಯಾಂಕುಗಳು ಬಂದದ್ದು ನಮ್ಮ ಮೇಲೆ

ಸೇನಾ ಒಕ್ಕೂಟಕ್ಕೆ ಸೇರಿದ ದೇಶದ ನೆರೆಹೊರೆಯಲ್ಲಿ ಯುದ್ಧದ ಸಾಧ್ಯತೆ ತಾನಾಗಿಯೇ ಕುಗ್ಗುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ಮಾತನ್ನು ನಾನು ಒಪ್ಪುವುದಿಲ್ಲ. ಪಾಕಿಸ್ತಾನ 1954ರಲ್ಲಿ ಅಮೆರಿಕ ನೇತೃತ್ವದ ಆಗ್ನೇಯ ಏಷ್ಯಾ ಸೇನಾ ಒಕ್ಕೂಟವಾದ ಸಿಯಾಟೊದ ಒಪ್ಪಂದಕ್ಕೆ ಸಹಿ ಹಾಕಿತು, ಮರುವರ್ಷ ಪಶ್ಚಿಮ ಏಷ್ಯಾದ ಇಂಥದ್ದೇ ಒಕ್ಕೂಟವಾದ ಬಾಗ್ದಾದ್ ಒಪ್ಪಂದಕ್ಕೂ ಸೇರಿತು. ಕಮ್ಯುನಿಸ್ಟರನ್ನು ತಡೆಯಲೆಂದು ಅಮೆರಿಕ ಕೊಟ್ಟ ಪ್ಯಾಟನ್ ಟ್ಯಾಂಕುಗಳು 1965ರ ಸೆಪ್ಟೆಂಬರ್‌ನಲ್ಲಿ ನುಗ್ಗಿದ್ದು ಪಂಜಾಬಿನ ಖೇಮ್‌ಕರಣಕ್ಕೆ. ಸಕಲೇಶಪುರದ ನಮ್ಮ ದೊಡ್ಡಪ್ಪ ಆ ಯುದ್ಧದಲ್ಲಿದ್ದರು. ಕಣದಲ್ಲಿ ಕಾಫಿ ಹರವುವಾಗ ಅವರ ಎಡಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಒಳಗೇ ಉಳಿದ ಶೆಲ್ಲಿನ ಚೂರು ಮಳೆಗಾಲ ಹಿಡಿದರೆ ನೋಯುತ್ತಿತ್ತು, ಅಡಿಕೆ ಹಾಳೆ ಬಿಸಿ ಮಾಡಿ ಶಾಖ ಕೊಡುತ್ತಿದ್ದುದು ಚಿಕ್ಕವನಾಗಿದ್ದ ನಾನೇ. ಪಾಕಿಸ್ತಾನಕ್ಕಾದರೂ ಏನು ದಕ್ಕಿತು? 1971ರಲ್ಲಿ ದೇಶ ಒಡೆಯುವಾಗ ಅದರ ಪರ ಕಾದಾಡಲು ಯಾವ ಒಕ್ಕೂಟವೂ ಬರಲಿಲ್ಲ.

ಫಿನ್ಲೆಂಡ್, ಸ್ವೀಡನ್ ದೇಶಗಳು ಅಮೆರಿಕ-ಯುರೋಪಿನ ಸೇನಾ ಒಕ್ಕೂಟವಾದ ನ್ಯಾಟೊ ಸೇರಿದ್ದರ ಹಿಂದಿನ ರಷ್ಯಾದ ಭಯ ನಿಜವಾದದ್ದೇ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ 1952ರಿಂದ ಅದೇ ನ್ಯಾಟೊದಲ್ಲಿರುವ ಗ್ರೀಸ್ ಮತ್ತು ಟರ್ಕಿ 1974ರಲ್ಲಿ ಸೈಪ್ರಸ್ ದ್ವೀಪಕ್ಕಾಗಿ ಯುದ್ಧದ ಅಂಚಿಗೆ ಬಂದು ನಿಂತಿದ್ದವು. ಒಕ್ಕೂಟ ಕೊಟ್ಟ ಶಸ್ತ್ರ ಯಾರ ಕಡೆ ತಿರುಗುತ್ತದೆ, ಅದಕ್ಕೆ ಹೊಣೆ ಯಾರು ಎಂಬುದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.