ಒಂದು ‘ಫಾರ್’ ತಪ್ಪಿದರೆ

ರಾತ್ರಿ ಕರೆಂಟ್ ಹೋಗಿತ್ತು. ದಿಂಬಿನ ಬದಿಯಲ್ಲಿ ಕನ್ನಡಕಕ್ಕಾಗಿ ತಡಕಾಡುವಾಗ ಕೈ ತಗಲಿ ನೀರಿನ ಲೋಟ ಉರುಳಿತು. ಒದ್ದೆ ಹಾಸಿಗೆಯ ಮೇಲೆ ಕೂತು, ನಾನು ಮಾಡಿದ್ದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಯೋಚಿಸಿದೆ. ಗ್ರೋಪ್. ನೆನಪಾದೊಡನೆ ಮುಜುಗರವಾಯಿತು. ಹುಡುಕಿದ್ದು ಕನ್ನಡಕ, ಕೇಳಿಸಿದ್ದು ಒಪ್ಪಿಗೆಯಿಲ್ಲದೆ ಮೈಮುಟ್ಟಿದ ಪೊಲೀಸ್ ಕೇಸಿನ ಪದ!

ಹಳೆಯ ಇಂಗ್ಲಿಷಿನ ‘ಗ್ರಾಪಿಯನ್’ನಿಂದ ಬಂದದ್ದಿದು, ಬಿಗಿಹಿಡಿತದ ‘ಗ್ರಿಪ್’ ಇದರ ದಾಯಾದಿ. ಹಿಂದೆಯೂ ತೀರಾ ಸಂಭಾವಿತ ಪದವಾಗಿರಲಿಲ್ಲ. ನಡುಗಾಲದ ಇಂಗ್ಲೆಂಡಿನ ಹಲವು ಊರುಗಳಲ್ಲಿ ವೇಶ್ಯೆಯರ ಓಣಿಯ ಹೆಸರು ಗ್ರೋಪ್ ಎಂದೇ ಶುರುವಾಗುತ್ತಿತ್ತು. ಅದಕ್ಕಂಟಿದ್ದ ಇನ್ನೊಂದು ಪದವನ್ನು ಇಲ್ಲಿ ಬರೆಯಲಾರೆ. ಮುಂದಿನವರಿಗೆ ನಾಚಿಕೆಯಾಗಿ, ಯಾರ್ಕ್ ನಗರದಲ್ಲಿ ಅದು ‘ಗ್ರೇಪ್ ಲೇನ್’ ಆಯಿತು. ತಡಕುವ ಓಣಿ ದ್ರಾಕ್ಷಿ ಓಣಿಯಾಗಿ ಮರ್ಯಾದೆ ಉಳಿಸಿಕೊಂಡಿತು.

ಇವತ್ತು ಈ ಪದದ ಮಾನವೆಲ್ಲ ಒಂದು ಪುಟ್ಟ ‘ಫಾರ್’ನ ಕೈಯಲ್ಲಿದೆ. ‘ಗ್ರೋಪ್ ಫಾರ್’ ಎಂದರೆ ಸ್ವಿಚ್ಚಿಗೋ, ನಾಲಿಗೆ ತುದಿಗೆ ಬಾರದ ಮಾತಿಗೋ ತಡಕಾಟ. ಆ ‘ಫಾರ್’ ಕಿತ್ತು ಪಕ್ಕದಲ್ಲಿ ಮನುಷ್ಯರನ್ನು ನಿಲ್ಲಿಸಿದಿರೋ, ಅಪರಾಧ.

‘ಫಂಬಲ್’ಗೆ ಅಷ್ಟು ತಾಪತ್ರಯವಿಲ್ಲ. ಕೀಲಿಯನ್ನು ಬೀಗದ ಕಿಂಡಿಗೆ ತೂರಿಸಲಾಗದವನ, ಕೈಗೆ ಬಂದ ಕ್ಯಾಚ್ ಚೆಲ್ಲಿದವನ ಪದ ಅದು. ‘ಪಾ’ ಎಂದರೆ ಪ್ರಾಣಿಯ ಪಂಜ; ಒರಟಾಗಿ ಮೈಮುಟ್ಟುವುದಕ್ಕೂ ಅದೇ ಪದ. ಮನುಷ್ಯನ ಕೈ ಮಾಡಿದ್ದಕ್ಕೆ ಪಾಪದ ನಾಯಿಯನ್ನು ಯಾಕೆ ಎಳೆದರೋ.

ನನಗೆ ಸಿಟ್ಟಿರುವುದು ‘ಫಾಂಡಲ್’ ಮೇಲೆ. ಅದರ ಮೂಲದಲ್ಲಿರುವ ‘ಫಾಂಡ್’ ಎಂದರೆ ಅಕ್ಕರೆ. ಮಡಿಲ ಬೆಕ್ಕನ್ನು ನೇವರಿಸುವಾಗ ಸರಿ. ಬೇಡವೆಂದವರ ಮೈಮೇಲೆ ಕೈ ಹಾಕಿದ ಸುದ್ದಿಯಲ್ಲೂ ಅದೇ ಪದ ಬಂದರೆ, ಅಲ್ಲಿ ಅಕ್ಕರೆ ಎಲ್ಲಿತ್ತು ಸ್ವಾಮಿ? ‘ಫಾಂಡ್’ಗೆ ಹಿಂದೆ ಪೆದ್ದ ಎಂಬ ಅರ್ಥವಿತ್ತು. ಅದಾದರೂ ಉಳಿದಿದ್ದರೆ ಒಂದಿಷ್ಟು ಸಮಾಧಾನವಾಗುತ್ತಿತ್ತು.

ಇಂಗ್ಲಿಷಿನಲ್ಲಿ ಈಗ ಲೈಂಗಿಕ ಕಿರುಕುಳದ ಪದವಾಗಿರುವ ‘ಮೊಲೆಸ್ಟ್’ ಲ್ಯಾಟಿನ್ನಿನಲ್ಲಿ ಬರೀ ಕಾಟ ಕೊಡುವುದು. ಸ್ಪ್ಯಾನಿಶ್ ನುಡಿಯ ನಾಡುಗಳ ಹೋಟೆಲ್ ಬಾಗಿಲಿಗೆ ಇಂದಿಗೂ ‘ನೋ ಮೊಲೆಸ್ತಾರ್’ ಎಂಬ ಫಲಕ ತೂಗುತ್ತದೆ. ಒಳಗಿರುವವರ ನಿದ್ದೆ ಕೆಡಿಸಬೇಡಿ ಎಂದಷ್ಟೇ ಅದರ ಅರ್ಥ. ಇಂಗ್ಲಿಷ್ ಮಾತ್ರ ಬಲ್ಲವರ ನಿದ್ದೆ ಫಲಕ ಓದಿಯೇ ಹಾರಬೇಕು.

ನಮ್ಮ ‘ತಡವು’ ಕೂಡ ಕಡಿಮೆಯದಲ್ಲ. ಬೆನ್ನು ತಡವಿದರೆ ಸಾಂತ್ವನ, ‘ನನ್ನನ್ನು ತಡವಬೇಡ’ ಎಂದರೆ ಎಚ್ಚರಿಕೆ.

ಬೆಳಿಗ್ಗೆ ಮನೆಯವರು, ಹಾಸಿಗೆ ಯಾಕೆ ಒದ್ದೆ, ರಾತ್ರಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಉತ್ತರಿಸುವ ಧೈರ್ಯ ಮಾಡಲಿಲ್ಲ.