ಓ-ಯು-ಜಿ-ಎಚ್ ಮಹಾಶಯರ ಸೇವಾವಹಿ

ಕೆಲಸ ಮುಗಿದು ಎಷ್ಟೋ ವರ್ಷಗಳಾದರೂ ಹುದ್ದೆ ಮಾತ್ರ ರದ್ದಾಗದೆ ಉಳಿಯುವುದು ಸರ್ಕಾರಿ ಕಚೇರಿಗಳಲ್ಲಿ ಉಂಟು. ಆದರೆ ಶತಮಾನಗಳಿಂದ ಮೂಲ ಕೆಲಸವೇ ಇಲ್ಲದೆ ದಿನವೂ ಹಾಜರಿ ಹಾಕುತ್ತಿರುವ ನೌಕರರನ್ನು ಕಾಣಬೇಕಾದರೆ ಇಂಗ್ಲಿಷ್ ಕಾಗುಣಿತದ ಇಲಾಖೆಗೇ ಹೋಗಬೇಕು. ಅಲ್ಲಿ ಓ, ಯು, ಜಿ, ಎಚ್ ಎಂಬ ನಾಲ್ವರ ತಂಡವೊಂದಿದೆ. ‘ಆದರೂ’ ಎಂಬರ್ಥದ ‘ದೋ’ ಎಂಬಲ್ಲಿ ಓಕಾರವಾಗಿ, ‘ಥ್ರೂ’ ಎಂಬಲ್ಲಿ ಊಕಾರವಾಗಿ, ಮರದ ಕೊಂಬೆಯನ್ನು ಹೇಳುವ ‘ಬೌ’ ಎಂಬಲ್ಲಿ ಔಕಾರವಾಗಿ ಈ ತಂಡ ಸೇವೆ ಸಲ್ಲಿಸುತ್ತದೆ. ‘ಟಫ್’ ಮತ್ತು ಕೆಮ್ಮಿನ ‘ಕಾಫ್’ಗಳಲ್ಲಿ, ಎಫ್ ಅಕ್ಷರವು ಆರೋಗ್ಯವಾಗಿ ಕರ್ತವ್ಯದಲ್ಲಿರುವಾಗಲೇ, ಅದರ ಹೆಚ್ಚುವರಿ ಪ್ರಭಾರವನ್ನೂ ವಹಿಸಿಕೊಂಡಿದೆ. ಬಿಕ್ಕಳಿಕೆಯ ‘ಹಿಕಪ್’ಗೆ ಸರಳವಾದ ಬರಹವೊಂದು ಮೊದಲೇ ಇತ್ತು, ಬಿಕ್ಕಳಿಕೆಯು ಕೆಮ್ಮಿನ ನೆಂಟನಿರಬೇಕೆಂದು ತಪ್ಪಾಗಿ ಊಹಿಸಿದವರು ಅದರ ಬಾಲಕ್ಕೆ ಕೆಮ್ಮಿನ ಕಾಗುಣಿತವನ್ನು ಅಂಟಿಸಿದ್ದರಿಂದ, ಅಲ್ಲಿ ಪಕಾರದ ಕೆಲಸವೂ ಇವರದೇ ಆಯಿತು.

ಒಂದು ಕಾಲದಲ್ಲಿ ಜಿ-ಎಚ್ ಜೋಡಿಗೆ ನಿಜವಾದ ಕೆಲಸವಿತ್ತೆಂಬುದನ್ನು ಒಪ್ಪಬೇಕು. ಗಂಟಲಿನಿಂದ ಹೊರಡುವ ಖಕಾರದಂಥ ಧ್ವನಿಯೊಂದನ್ನು ಅದು ಸೂಚಿಸುತ್ತಿತ್ತು. ಸ್ಕಾಟ್ಲೆಂಡಿನವರು ಸರೋವರವನ್ನು ‘ಲಾಖ್’ ಎನ್ನುವಾಗ, ಜರ್ಮನರು ರಾತ್ರಿಯನ್ನು ‘ನಾಖ್ಟ್’ ಎನ್ನುವಾಗ ಅಂಥ ಧ್ವನಿ ಈಗಲೂ ಕೇಳಿಸುತ್ತದೆ. ಇಂಗ್ಲೆಂಡಿನ ನಾಲಿಗೆಗೆ ಅದು ಬೇಡವಾಯಿತು. ಕೆಲವು ಪದಗಳಲ್ಲಿ ಮಾಯವಾಯಿತು, ಕೆಲವದರಲ್ಲಿ ಫಕಾರವಾಯಿತು. ಆದರೆ 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ ಮೇಲೆ ಬರಹವು ಸೀಸದ ಮೊಳೆಗಳಲ್ಲಿ ಗಟ್ಟಿಯಾಗುತ್ತ ಹೋಯಿತು, ಸ್ವರಗಳೋ ಬಾಯಲ್ಲಿ ಬದಲಾಗುತ್ತ ಹೋದವು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟನ್ನು ಹೊರತರುವ ಹೊತ್ತಿಗೆ ಈ ಹುದ್ದೆಗಳೆಲ್ಲ ಕಾಯಂ ಆಗಿದ್ದವು.

ಕನ್ನಡದಲ್ಲಿ ‘ೞ’ ಮತ್ತು ‘ಱ’ ಅಕ್ಷರಗಳು ನಾಲಿಗೆಯಿಂದ ಮರೆಯಾದ ಮೇಲೆ ವರ್ಣಮಾಲೆಯಿಂದಲೂ ಮರ್ಯಾದೆಯಾಗಿ ನಿವೃತ್ತಿ ಪಡೆದವು. (ಮಹಾಪ್ರಾಣಗಳನ್ನು ಬರೆದು ಅಲ್ಪಪ್ರಾಣಗಳನ್ನೇ ನುಡಿಯುವ ನಾವು ಈ ವಿಷಯದಲ್ಲಿ ತೀರಾ ಎದೆಯುಬ್ಬಿಸಬೇಕಾಗಿಲ್ಲ.)

ಇಂಗ್ಲಿಷಿನವರು ಶುದ್ಧೀಕರಣಕ್ಕೆ ಕೈಹಾಕಲಿಲ್ಲವೆಂದಲ್ಲ. ಅಮೆರಿಕದಲ್ಲಿ 1906ರಲ್ಲಿ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯ ಹಣದಿಂದ ಸರಳ ಕಾಗುಣಿತದ ಮಂಡಳಿಯೊಂದು ಹುಟ್ಟಿ, 300 ಪದಗಳ ಪಟ್ಟಿ ಹೊರಡಿಸಿತು. ‘ದೋ’ ಮತ್ತು ‘ಥ್ರೂ’ಗಳ ಬಾಲ ಕತ್ತರಿಸಬೇಕೆಂಬುದು ಅದರಲ್ಲಿ ಸೇರಿತ್ತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ಪಟ್ಟಿಯನ್ನು ಅನುಸರಿಸುವಂತೆ ಸರ್ಕಾರಿ ಮುದ್ರಣಾಲಯಕ್ಕೆ ಅಪ್ಪಣೆ ಕೊಡಿಸಿದರು. ಪತ್ರಿಕೆಗಳು ನಕ್ಕವು, ಸಂಸತ್ತು ಸಿಟ್ಟಾಯಿತು, ಅದೇ ವರ್ಷ ಅಪ್ಪಣೆ ಹಿಂದಕ್ಕೆ ಹೋಯಿತು. ಪನಾಮದಲ್ಲಿ ಭೂಮಿಯನ್ನೇ ಸೀಳಿ ಕಾಲುವೆ ತೋಡಿಸುತ್ತಿದ್ದವರಿಗೆ ಮೂರು ಮೂಕ ಅಕ್ಷರಗಳನ್ನು ವರ್ಗಾವಣೆ ಮಾಡಲಾಗಲಿಲ್ಲ.

ಬ್ರಿಟನ್ನಿನ ಕಥೆ ಇನ್ನೂ ರಸವತ್ತಾದದ್ದು. ಕಾಗುಣಿತ ಸುಧಾರಣೆಯ ಮಸೂದೆಯನ್ನು 1949ರಲ್ಲಿ ಅಲ್ಲಿನ ಕೆಳಮನೆಯಲ್ಲಿ ಮಂಡಿಸಿದವರು ಲೇಬರ್ ಪಕ್ಷದ ಮಾಂಟ್ ಫಾಲಿಕ್. ಅವರ ಕ್ಷೇತ್ರದ ಹೆಸರು ಲಫ್‌ಬರ. ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ನಮ್ಮ ನಾಲ್ವರ ತಂಡ ಒಂದೇ ಪದದೊಳಗೆ ಎರಡು ಸಲ ಬರುತ್ತದೆ. ಮೊದಲ ಸಲ ‘ಅಫ್’ ಎನ್ನುತ್ತದೆ, ಎರಡನೆಯ ಸಲ ಬರಿಯ ‘ಅ’ ಎಂದು ಉಸಿರುಬಿಟ್ಟು ಸುಮ್ಮನಾಗುತ್ತದೆ. ಸ್ವಂತ ಮತಕ್ಷೇತ್ರದಿಂದಲೇ ಇಷ್ಟು ನೊಂದ ಜನಪ್ರತಿನಿಧಿ ಇನ್ನೊಬ್ಬರಿರಲಾರರು. ಮಸೂದೆ 84ಕ್ಕೆ 87 ಮತಗಳಿಂದ, ಎಂದರೆ ಕೇವಲ ಮೂರು ಮತಗಳಿಂದ, ಬಿದ್ದುಹೋಯಿತು. ಪ್ರಜಾಪ್ರಭುತ್ವದ ತಾಯಿ ಎನಿಸಿಕೊಂಡ ಸಂಸತ್ತು, ಉಚ್ಚರಿಸದ ಅಕ್ಷರಗಳ ಸೇವಾಭದ್ರತೆಯನ್ನು ಮತದಾನದ ಮೂಲಕವೇ ಎತ್ತಿಹಿಡಿಯಿತು.

ಫಾಲಿಕ್ ಬಿಡಲಿಲ್ಲ. 1953ರಲ್ಲಿ ಅವರ ಮತ್ತೊಂದು ಮಸೂದೆ ಎರಡನೆಯ ವಾಚನದಲ್ಲಿ ಗೆದ್ದಾಗ, ಸಂಶೋಧನೆಗೆ ಬೆಂಬಲ ಕೊಡುವ ಭರವಸೆಯ ಮೇಲೆ ಅದನ್ನು ಹಿಂದಕ್ಕೆ ಪಡೆಯಲಾಯಿತು. ಭರವಸೆ ಕೊಟ್ಟ ಆಗಿನ ಶಿಕ್ಷಣ ಸಚಿವೆ ಫ್ಲಾರೆನ್ಸ್ ಹಾರ್ಸ್‌ಬ್ರ ಅವರ ಹೆಸರಿನ ಕೊನೆಯಲ್ಲೂ ಜಿ-ಎಚ್ ಇತ್ತೆಂಬುದನ್ನು ದಾಖಲೆಗಾಗಿ ಹೇಳಿದ್ದೇನೆ, ದುರುದ್ದೇಶವಿಲ್ಲ. ಆ ಭರವಸೆಯ ಫಲವಾಗಿ 1960ರ ದಶಕದಲ್ಲಿ ಜೇಮ್ಸ್ ಪಿಟ್‌ಮನ್ ರೂಪಿಸಿದ ಹೊಸ ಅಕ್ಷರಮಾಲೆ ಶಾಲೆಗಳಿಗೆ ಬಂದಿತು. ನುಡಿದಂತೆ ಬರೆಯುವುದನ್ನು ಮಕ್ಕಳು ಮೊದಲು ಸಂತೋಷದಿಂದ ಕಲಿಯುವುದು, ಆಮೇಲೆ ಅದನ್ನು ಮರೆತು ಹಳೆಯ ಕಾಗುಣಿತವನ್ನು ದುಃಖದಿಂದ ಕಲಿಯುವುದು, ಇದು ಆ ಯೋಜನೆಯ ಕ್ರಮ.

ಈ ನಾಲ್ವರ ಸಂಬಳದ ಬಾಬ್ತು ಈಗ ನಮ್ಮ ಮಕ್ಕಳ ಮೇಲೂ ಬಿದ್ದಿದೆ. ಹೆದ್ದಾರಿಯ ಬದಿಯ ‘ಡ್ರೈವ್ ಥ್ರೂ’ ತಿಂಡಿ ಅಂಗಡಿಯ ಫಲಕದಲ್ಲಿ ನಾಲ್ಕೇ ಅಕ್ಷರಗಳಲ್ಲಿ ಮುಗಿಯುವ ಪದವನ್ನು ಮಗು ಉಕ್ತಲೇಖನದಲ್ಲಿ ಹಾಗೆಯೇ ಬರೆದರೆ ಕೆಂಪು ಗೆರೆ ಬೀಳುತ್ತದೆ, ಹತ್ತು ಸಲ ತಿದ್ದಿ ಬರೆಯುವ ಶಿಕ್ಷೆಯಾಗುತ್ತದೆ. ಆದ್ದರಿಂದ ನಮ್ಮ ಊರಿನ ಶಾಲೆಗಳ ಮಕ್ಕಳು ಇಂಗ್ಲಿಷ್ ಪಾಠದ ಪ್ರತಿ ಕಷ್ಟದ ಪದದ ನೆತ್ತಿಯ ಮೇಲೂ ಪೆನ್ಸಿಲಿನಲ್ಲಿ ‘ಥ್ರೂ’, ‘ಟಫ್’, ‘ದೋ’ ಎಂದು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಕಾರ್ನೆಗಿಯ ಹಣಕ್ಕೂ ರೂಸ್‌ವೆಲ್ಟರ ಅಪ್ಪಣೆಗೂ ಬಗ್ಗದ ಸುಧಾರಣೆಯನ್ನು ಮೂರು ರೂಪಾಯಿಯ ಪೆನ್ಸಿಲ್ ನಡೆಸಿಕೊಡುತ್ತದೆ. ತಪಾಸಣೆಗೆ ಮೇಲಧಿಕಾರಿಗಳು ಬರುವರೆಂಬ ಸುದ್ದಿ ಬಂದೊಡನೆ, ರಬ್ಬರು ತೆಗೆದು ಎಲ್ಲವನ್ನೂ ಅಳಿಸಿಡುವಂತೆ ಮೇಷ್ಟ್ರು ಹೇಳುತ್ತಾರೆ.